ನೀರಿನೊಳಗಿನ ಉಸಿರನ್ನು ಅಳೆಯುವವರು

2011ರ ಮಾರ್ಚ್ 8, ಮಂಗಳವಾರ. ಅಮೆರಿಕದ ಲಾಸ್ ಏಂಜಲೀಸ್ ನಗರದ ಮಗ್ಗುಲಲ್ಲೇ, ಪೆಸಿಫಿಕ್ ಸಾಗರದ ದಡದಲ್ಲಿ, ರೆಡಾಂಡೊ ಬೀಚ್ ಎಂಬ ಊರಿದೆ. ಅಲ್ಲಿನ ಕಿಂಗ್ ಹಾರ್ಬರ್ ಬಂದರಿನಲ್ಲಿ ದೋಣಿ ಕಟ್ಟಿಕೊಂಡವರು ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಎಷ್ಟೋ ಕಡೆ ನೀರೇ ಕಾಣುತ್ತಿರಲಿಲ್ಲ. ದೋಣಿಯಿಂದ ದೋಣಿಗೆ, ಧಕ್ಕೆಯಿಂದ ಧಕ್ಕೆಗೆ ಬೆಳ್ಳಿಯ ಬಣ್ಣದ ಸತ್ತ ಮೀನು. ಮೇಲೆ ತೇಲುತ್ತಿದ್ದದ್ದು ಒಂದು ಪಾಲು. ತಳದಲ್ಲಿ ದಪ್ಪನೆಯ ಪದರವಾಗಿ ಬಿದ್ದದ್ದು ಇನ್ನೂ ಹೆಚ್ಚು. ಹೆಚ್ಚುಕಡಿಮೆ ಎಲ್ಲವೂ ಸಾರ್ಡೀನ್ ಜಾತಿಯ ಮೀನುಗಳೇ. ಮಂಗಳೂರು, ಉಡುಪಿ ಕಡೆಯ ಮಕ್ಕಳಿಗೆ ಸಾರ್ಡೀನ್ ಪರಿಚಯಿಸಬೇಕಾಗಿಲ್ಲ. ನಿಮ್ಮ ಬೂತಾಯಿಯ ಹತ್ತಿರದ ನೆಂಟ ಅದು.

ಸತ್ತ ಮೀನು ಲಕ್ಷಗಟ್ಟಲೆ. ತೂಕ ನೂರು ಟನ್ನಿಗೂ ಮೀರಿದ್ದು. ಊರಿನ ನೌಕರರೂ ಸ್ವಯಂಸೇವಕರೂ ಸೇರಿ ಬಲೆ ಹಾಕಿ, ಬಕೆಟ್ಟಿನಲ್ಲಿ ಬಾಚಿ, ಹೀರುವ ಯಂತ್ರಗಳನ್ನೂ ತಂದು ದಿನಗಟ್ಟಲೆ ಎತ್ತಿದರು. ಎತ್ತಿದ ಮೀನು ಗೊಬ್ಬರಕ್ಕೆ ಹೋಯಿತು.

ಇಷ್ಟೊಂದು ಮೀನು ಒಂದೇ ರಾತ್ರಿ ಸತ್ತರೆ ಜನಕ್ಕೆ ಮೊದಲು ಬರುವ ಯೋಚನೆ ಯಾವುದು? ಯಾರೋ ವಿಷ ಹಾಕಿದರು ಅಂತ. ಇಲ್ಲವೇ ಎಣ್ಣೆ ಸೋರಿತು, ರೋಗ ಬಂತು ಅಂತ. ಆದರೆ ನೀರಿನ ಮೇಲೆ ಎಣ್ಣೆಯ ಪೊರೆ ಇರಲಿಲ್ಲ. ಬಣ್ಣವೂ ಎಂದಿನಂತೆಯೇ ಇತ್ತು. ಒಂದು ಲೋಟದಲ್ಲಿ ಆ ನೀರು ತುಂಬಿ, ಇನ್ನೊಂದರಲ್ಲಿ ಒಳ್ಳೆಯ ಕಡಲ ನೀರು ತುಂಬಿ ಪಕ್ಕದಲ್ಲಿಟ್ಟಿದ್ದರೆ ನಿಮಗೂ ನನಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ವ್ಯತ್ಯಾಸ ತಿಳಿದದ್ದು ಒಂದು ಉಪಕರಣಕ್ಕೆ. ಅದೇ ಬಂದರಿನಲ್ಲಿ 2005ರಲ್ಲೂ ಒಮ್ಮೆ ಮೀನುಗಳು ಸತ್ತಿದ್ದವು. ಆಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಕ್ಯಾರನ್ ಎಂಬ ಜೀವವಿಜ್ಞಾನಿ ಮತ್ತು ಅವರ ಸಂಗಡಿಗರು ಅಲ್ಲಿ ನೀರೊಳಗೆ ಸಂವೇದಕಗಳನ್ನು, ಅಂದರೆ ಸೆನ್ಸರ್‌ಗಳನ್ನು ಇಳಿಬಿಟ್ಟಿದ್ದರು. ಅವು ಹಗಲು ರಾತ್ರಿ ನೀರಿನ ತಾಪ, ಉಪ್ಪು, ಪಾಚಿ, ಕರಗಿದ ಆಮ್ಲಜನಕ ಎಲ್ಲವನ್ನೂ ಅಳೆದು ಬರೆದಿಡುತ್ತಿದ್ದವು. ಮೀನು ಸತ್ತ ರಾತ್ರಿಯೂ ಬರೆದಿಟ್ಟವು. ಆ ದಾಖಲೆ ತೆಗೆದು ನೋಡಿದರೆ ಆಮ್ಲಜನಕದ ಗೆರೆ ಇಳಿದು ಇಳಿದು ಸೊನ್ನೆಯ ಹತ್ತಿರ ಬಂದು ನಿಂತಿತ್ತು.

ಮೀನುಗಳು ಉಸಿರುಗಟ್ಟಿ ಸತ್ತಿದ್ದವು.

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೈ ಎತ್ತಿ ಕೇಳಬಹುದು: "ನೀರು ಅಂದರೆ ಎಚ್‌ಟುಓ ಅಲ್ಲವಾ? ಅದರಲ್ಲೇ ಆಮ್ಲಜನಕ ಇದೆಯಲ್ಲ? ಹಾಗಿದ್ದ ಮೇಲೆ ಮೀನಿಗೆ ಕೊರತೆ ಯಾಕೆ?" ಬಹಳ ಒಳ್ಳೆಯ ಪ್ರಶ್ನೆ ಇದು, ದೊಡ್ಡವರೂ ಇಲ್ಲಿ ತಡವರಿಸುತ್ತಾರೆ. ನೀರಿನ ಅಣುವಿನಲ್ಲಿರುವ ಆಮ್ಲಜನಕ ಎರಡು ಜಲಜನಕಗಳ ಜೊತೆ ಬಿಗಿಯಾಗಿ ಬೆಸೆದುಕೊಂಡಿದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಮೀನಿನ ಕಿವಿರಿಗಿಲ್ಲ. ಮೀನಿಗೆ ಬೇಕಾದದ್ದು ಬೇರೆ. ಗಾಳಿಯಲ್ಲಿರುತ್ತದಲ್ಲ, ಅದೇ ಆಮ್ಲಜನಕ, ಸಕ್ಕರೆ ಕರಗುವ ಹಾಗೆ ನೀರಿನೊಳಗೆ ಕರಗಿ ಅಣುಗಳ ನಡುವೆ ಬಿಡಿಬಿಡಿಯಾಗಿ ಅಲೆಯುತ್ತಿರುತ್ತದೆ. ಮೀನು ಬಾಯಿಂದ ನೀರು ಎಳೆದು ಕಿವಿರಿನ ಮೇಲೆ ಹರಿಸಿದಾಗ ಆ ಬಿಡಿ ಆಮ್ಲಜನಕ ತೆಳುವಾದ ಚರ್ಮ ದಾಟಿ ರಕ್ತ ಸೇರುತ್ತದೆ.

ಎಷ್ಟು ಕರಗಿರುತ್ತದೆ ಗೊತ್ತೇ? ಬಹಳ ಕಡಿಮೆ. ನಾವು ಉಸಿರಾಡುವ ಗಾಳಿಯ ಒಂದು ಲೀಟರಿನಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ತಾಪದ ಒಂದು ಲೀಟರ್ ಸಿಹಿನೀರಿನಲ್ಲಿ ಕರಗಬಲ್ಲದ್ದು 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ಪಾಲಿನ ಮೂವತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ! ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಮೀನಿನ ಕಿವಿರುಗಳು ನಮ್ಮ ಶ್ವಾಸಕೋಶಕ್ಕಿಂತ ಎಷ್ಟು ಜಾಣತನದಿಂದ ಕೆಲಸ ಮಾಡಬೇಕು ಎಂದು ಇದರಿಂದಲೇ ಊಹಿಸಿಕೊಳ್ಳಿ. ಕಿವಿರಿನೊಳಗೆ ರಕ್ತ ಒಂದು ದಿಕ್ಕಿಗೆ ಹರಿದರೆ ನೀರು ಅದರ ಎದುರು ದಿಕ್ಕಿಗೆ ಹರಿಯುತ್ತದೆ. ಈ ಎದುರುಬದುರು ಹರಿವಿನಿಂದಾಗಿ ಸಿಕ್ಕಷ್ಟು ಆಮ್ಲಜನಕದಲ್ಲಿ ಬಹುಪಾಲನ್ನು ಮೀನು ಹೀರಿಕೊಳ್ಳುತ್ತದೆ. ಆದರೂ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಅನೇಕ ಮೀನುಗಳಿಗೆ ಕಷ್ಟ ಶುರುವಾಗುತ್ತದೆ. 2ಕ್ಕಿಂತ ಕೆಳಗೆ ಹೋದರೆ ಓಡಿಹೋಗಲು ದಾರಿ ಇದ್ದವು ಓಡುತ್ತವೆ, ಇಲ್ಲದವು ಸಾಯುತ್ತವೆ.

ಕಿಂಗ್ ಹಾರ್ಬರಿನಲ್ಲಿ ದಾರಿ ಇದ್ದೂ ಇಲ್ಲದಂತಾಗಿತ್ತು. ಅಲೆ ತಡೆಯಲು ಕಟ್ಟಿದ ಕಲ್ಲಿನ ಗೋಡೆಗಳ ಒಳಗಿನ ಬಂದರು ಅದು. ಒಳಮೂಲೆಗಳಲ್ಲಿ ನೀರು ಹೊರಗಿನ ಕಡಲಿನ ಜೊತೆ ನಿಧಾನವಾಗಿ ಬೆರೆಯುತ್ತದೆ. ಅಂಥ ಕಡೆ ಸಾರ್ಡೀನಿನ ಭಾರೀ ಹಿಂಡು ಬಂದು ಸೇರಿಕೊಂಡಿತ್ತು. ಕಿಟಕಿ ಮುಚ್ಚಿದ ಒಂದೇ ಕೋಣೆಗೆ ಮದುವೆಗೆ ಬಂದ ಅಷ್ಟೂ ಜನ ನುಗ್ಗಿ ಬಾಗಿಲು ಹಾಕಿಕೊಂಡರೆ ಹೇಗಿರುತ್ತದೋ ಹಾಗಾಯಿತು. ಸಾಲದ್ದಕ್ಕೆ ಆ ಕಾಲದಲ್ಲಿ ಹೊರಗಿನಿಂದ ಬಂದ ನೀರಿನಲ್ಲೂ ಆಮ್ಲಜನಕ ಕಡಿಮೆಯಿತ್ತು. ವಸಂತದಲ್ಲಿ ಅಲ್ಲಿ ವಾಯುವ್ಯದಿಂದ ಗಾಳಿ ಬೀಸಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗ ತುಂಬಲು ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ರೆಡಾಂಡೊದ ಬಾಗಿಲಲ್ಲೇ ಸಮುದ್ರದೊಳಗೆ ಒಂದು ಆಳವಾದ ಕಣಿವೆಯೂ ಇದೆ. ಆಳದ ನೀರಿನಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಡಿಮೆ.

ವಿಷದ ಅನುಮಾನವನ್ನೂ ವಿಜ್ಞಾನಿಗಳು ಹಾಗೇ ತಳ್ಳಿಹಾಕಲಿಲ್ಲ. ಸತ್ತ ಮೀನುಗಳನ್ನು ಕೊಯ್ದು ಪರೀಕ್ಷಿಸಿದರು. ಒಂದು ಬಗೆಯ ಪಾಚಿ ತಯಾರಿಸುವ ಡೊಮೊಯಿಕ್ ಆಮ್ಲ ಎಂಬ ವಿಷ ಅವುಗಳ ಹೊಟ್ಟೆಯಲ್ಲಿ ನಿಜಕ್ಕೂ ಸಿಕ್ಕಿತು. ಮೀನುಗಳು ಬಂದರಿಗೆ ಬರುವ ಮೊದಲು ಹೊರಗೆಲ್ಲೋ ತಿಂದಿದ್ದವು. ಸಂವೇದಕದ ದಾಖಲೆ ಇರದಿದ್ದರೆ "ವಿಷದಿಂದಲೇ ಸತ್ತವು" ಎಂದು ಎಲ್ಲರೂ ಒಪ್ಪಿಬಿಡುತ್ತಿದ್ದರೋ ಏನೋ. ನನಗೆ ಈ ಪ್ರಸಂಗದಲ್ಲಿ ಬಹಳ ಮುಖ್ಯವೆನಿಸುವುದು ಇದೇ: ಅನಾಹುತ ಆಗುವುದಕ್ಕೆ ಮೊದಲೇ ಅಳತೆ ಶುರುವಾಗಿತ್ತು. ಆದ ಮೇಲೆ ಓಡಿಬಂದು ಅಳೆದವರಿಗೆ ನಿನ್ನೆ ರಾತ್ರಿ ಏನಾಯಿತು ಎಂದು ಹೇಗೆ ತಿಳಿಯಬೇಕು?

ಈಗ ಲಾಸ್ ಏಂಜಲೀಸಿನಿಂದ ದಕ್ಷಿಣಕ್ಕೆ, ಸುಮಾರು 200 ಕಿಲೋಮೀಟರ್ ದೂರದ ಸ್ಯಾನ್ ಡಿಯಾಗೋ ನಗರಕ್ಕೆ ಹೋಗೋಣ. ಅಲ್ಲಿನ ಲಾ ಹೋಯಾ ಎಂಬ ಕಡಲದಂಡೆಯಲ್ಲಿ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ ಇದೆ. 1903ರಲ್ಲಿ ಶುರುವಾದದ್ದು. ನೀರಿನ ಆಮ್ಲಜನಕವನ್ನು ಪಟ್ಟುಹಿಡಿದು ಅಳೆಯುತ್ತ ಬಂದವರಲ್ಲಿ ಇಲ್ಲಿಯವರದು ದೊಡ್ಡ ಹೆಸರು. ಅದಕ್ಕೂ ಕಾರಣ ಸಾರ್ಡೀನೇ!

1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ದಡದಲ್ಲಿ ಸಾರ್ಡೀನ್ ಹಿಡಿದು ಡಬ್ಬಿಗೆ ತುಂಬುವ ಉದ್ಯಮ ಭಾರೀ ದೊಡ್ಡದಾಗಿತ್ತು. ಲಾಸ್ ಏಂಜಲೀಸಿನ ಸ್ಯಾನ್ ಪೆಡ್ರೊ ಬಂದರಿನ ಬಳಿಯೂ ಅಂಥ ಕಾರ್ಖಾನೆಗಳು ಸಾಲಾಗಿದ್ದವು. 1940ರ ದಶಕದಲ್ಲಿ ಮೀನು ನೋಡನೋಡುತ್ತ ಕಡಿಮೆಯಾಯಿತು. ಎಲ್ಲಿ ಹೋಯಿತು? ಹೆಚ್ಚು ಹಿಡಿದೆವೇ? ಸಮುದ್ರವೇ ಬದಲಾಯಿತೇ? ಉತ್ತರ ಹುಡುಕಲು 1949ರಲ್ಲಿ ಕ್ಯಾಲ್‌ಕೋಫಿ ಎಂಬ ಸಮುದ್ರ ಸಮೀಕ್ಷೆ ಶುರುವಾಯಿತು. ಸ್ಕ್ರಿಪ್ಸ್ ಸಂಸ್ಥೆಯೂ ಸರ್ಕಾರದ ಮೀನುಗಾರಿಕೆ ವಿಜ್ಞಾನಿಗಳೂ ಕೂಡಿ ನಡೆಸುವ ಕೆಲಸ ಇದು. ಈಗಲೂ ನಡೆಯುತ್ತಿದೆ. ಹಡಗು ವರ್ಷಕ್ಕೆ ನಾಲ್ಕು ಸಲ ಹೊರಟು, ಗುರುತು ಮಾಡಿಟ್ಟ ಅದೇ ಜಾಗಗಳಿಗೆ ಹೋಗಿ, ನಿಂತು, ನೀರೆತ್ತಿ ನೋಡುತ್ತದೆ. ಹೀಗೆ ಹೋಗುವ ಹಡಗುಗಳಲ್ಲಿ ಒಂದರ ಹೆಸರು 'ಸ್ಯಾಲಿ ರೈಡ್'. ಬಾಹ್ಯಾಕಾಶಕ್ಕೆ ಹೋದ ಅಮೆರಿಕದ ಮೊದಲ ಮಹಿಳೆಯ ಹೆಸರು ಅದು. ಅವರು ಸ್ಯಾನ್ ಡಿಯಾಗೋದಲ್ಲೇ ಪ್ರಾಧ್ಯಾಪಕಿಯಾಗಿದ್ದವರು.

ಹಡಗಿನ ಮೇಲೆ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ವೃತ್ತಾಕಾರದ ಚೌಕಟ್ಟಿನ ಸುತ್ತ ಉದ್ದುದ್ದ ಬಾಟಲಿಗಳನ್ನು ನಿಲ್ಲಿಸಿ ಕಟ್ಟಿರುತ್ತಾರೆ. ಎರಡೂ ತುದಿ ತೆರೆದಿರುವ ಬಾಟಲಿಗಳವು. ಗಟ್ಟಿ ತಂತಿಯಲ್ಲಿ ಅದನ್ನು ಸುಮಾರು 500 ಮೀಟರ್ ಆಳಕ್ಕೆ ಇಳಿಸುತ್ತಾರೆ. ಮೇಲೆತ್ತುವಾಗ ಬೇಕಾದ ಆಳದಲ್ಲಿ ನಿಲ್ಲಿಸಿ, ಮೇಲಿನಿಂದ ಸಂಕೇತ ಕಳಿಸಿದರೆ ಒಂದು ಬಾಟಲಿಯ ಎರಡೂ ಮುಚ್ಚಳ ಪಟ್ಟನೆ ಮುಚ್ಚಿಕೊಳ್ಳುತ್ತವೆ. ಆ ಆಳದ ನೀರು ಅದರೊಳಗೆ ಸೆರೆ. ಹೀಗೆ ಒಂದೊಂದು ಆಳದ್ದು ಒಂದೊಂದು ಬಾಟಲಿಯಲ್ಲಿ ಡೆಕ್ಕಿಗೆ ಬರುತ್ತದೆ.

ಬಂದ ಕೂಡಲೇ ಸರದಿ. ಉಪ್ಪು ಅಳೆಯುವವರು, ಪಾಚಿ ಅಳೆಯುವವರು, ಪೋಷಕಾಂಶ ಅಳೆಯುವವರು ಎಲ್ಲರೂ ಕಾಯಬೇಕು. ಆಮ್ಲಜನಕದವರಿಗೆ ಮೊದಲ ಪಾಳಿ. ಬಾಟಲಿ ತೆರೆದ ಕ್ಷಣದಿಂದಲೇ ಒಳಗಿನ ನೀರಿಗೂ ಹೊರಗಿನ ಗಾಳಿಗೂ ಕೊಡುಕೊಳ್ಳುವಿಕೆ ಶುರುವಾಗಿಬಿಡುತ್ತದಲ್ಲ, ಅದಕ್ಕೆ.

ಗಾಜಿನ ಪುಟ್ಟ ಕುಪ್ಪಿ ತಗೊಳ್ಳುತ್ತಾರೆ. ರಬ್ಬರ್ ಕೊಳವೆಯ ತುದಿಯನ್ನು ಕುಪ್ಪಿಯ ತಳಕ್ಕೆ ಮುಟ್ಟಿಸಿ ನೀರು ಬಿಡುತ್ತಾರೆ. ನೀರು ಸದ್ದಿಲ್ಲದೆ ತಳದಿಂದ ಮೇಲೇರಬೇಕು. ಸುರಿದರೆ, ಚಿಮ್ಮಿದರೆ ಗಾಳಿ ಬೆರೆತು ಲೆಕ್ಕ ಕೆಟ್ಟಿತು. ಕುಪ್ಪಿ ತುಂಬಿದರೂ ನಿಲ್ಲಿಸದೆ ಇನ್ನಷ್ಟು ಹರಿಯಬಿಟ್ಟು ಹೊರಚೆಲ್ಲಿಸುತ್ತಾರೆ. ಮೊದಲು ಗಾಳಿ ಮುಟ್ಟಿದ ನೀರೆಲ್ಲ ಹೊರಗೆ ಹೋಗಲಿ ಅಂತ. ಒಂದು ಸಾಸಿವೆಯಷ್ಟು ಗುಳ್ಳೆ ಉಳಿದರೂ ಆ ಕುಪ್ಪಿ ಕೆಲಸಕ್ಕೆ ಬಾರದು.

ಆಮೇಲೆ ಎರಡು ದ್ರಾವಣಗಳನ್ನು ನೀರಿನ ಮೇಲ್ಮೈ ಕೆಳಗೆ ಮೆಲ್ಲಗೆ ಬಿಡುತ್ತಾರೆ. ಒಂದರಲ್ಲಿ ಮ್ಯಾಂಗನೀಸ್ ಲವಣ. ಇನ್ನೊಂದರಲ್ಲಿ ಕ್ಷಾರ ಮತ್ತು ಅಯೋಡೈಡ್. ಗಾಜಿನ ಬಿರಡೆ ಹಾಕಿ ಚೆನ್ನಾಗಿ ಕುಲುಕುತ್ತಾರೆ. ಆಗ ನೋಡಬೇಕು! ತಿಳಿನೀರಿನಲ್ಲಿ ಮೋಡ ಕವಿದ ಹಾಗೆ ಪುಡಿಪುಡಿ ಗಸಿ ಹುಟ್ಟುತ್ತದೆ. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಗಸಿಯ ಬಣ್ಣ ಕಂದು. ಆಮ್ಲಜನಕ ಕಡಿಮೆಯಾದಷ್ಟೂ ಬಣ್ಣ ತಿಳಿಯಾಗುತ್ತ ಹೋಗುತ್ತದೆ. ಏನೇನೂ ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಮ್ಯಾಂಗನೀಸ್ ಹೋಗಿ ಆಮ್ಲಜನಕವನ್ನು ಹಿಡಿದುಕೊಂಡದ್ದೇ ಆ ಕಂದು ಬಣ್ಣ. ಕಣ್ಣಿಗೆ ಕಾಣದ್ದು ಮೊದಲ ಬಾರಿ ಕಣ್ಣಿಗೆ ಕಂಡಿತು.

ಗಸಿ ತಳಕ್ಕೆ ಇಳಿದ ಮೇಲೆ ಆಮ್ಲ ಹಾಕುತ್ತಾರೆ. ಗಸಿ ಕರಗಿ, ನೀರು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದು ಅಯೋಡಿನ್. ಎಷ್ಟು ಆಮ್ಲಜನಕ ಇತ್ತೋ ಅದಕ್ಕೆ ತಕ್ಕಷ್ಟೇ ಅಯೋಡಿನ್ ಬಿಡುಗಡೆಯಾಗುತ್ತದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಇನ್ನು ಅಯೋಡಿನ್ ಎಷ್ಟಿದೆ ಎಂದು ತಿಳಿದರೆ ಸಾಕು. ಥಯೋಸಲ್ಫೇಟ್ ಎಂಬ ದ್ರಾವಣವನ್ನು ಬ್ಯೂರೆಟ್ಟಿನಿಂದ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಹಳದಿ ತಿಳಿಯಾಗುತ್ತ ಬಂದಾಗ ಸ್ವಲ್ಪ ಗಂಜಿಯ ನೀರು, ಅಂದರೆ ಪಿಷ್ಟ, ಹಾಕಿದರೆ ಉಳಿದ ಅಯೋಡಿನ್ ಕಡುನೀಲಿಯಾಗುತ್ತದೆ. ಮತ್ತೆ ತೊಟ್ಟು, ಇನ್ನೊಂದು ತೊಟ್ಟು... ಒಂದು ತೊಟ್ಟಿಗೆ ನೀಲಿ ಮಾಯ! ಅಲ್ಲಿ ನಿಲ್ಲಿಸಿ, ಬ್ಯೂರೆಟ್ ಎಷ್ಟು ಇಳಿಯಿತು ಎಂದು ಓದಿ ಲೆಕ್ಕ ಹಾಕಿದರೆ ಆಮ್ಲಜನಕದ ಅಳತೆ ಕೈಯಲ್ಲಿ. ಶಾಲೆ ಕಾಲೇಜುಗಳಲ್ಲಿ ಈಗಲೂ ಹೀಗೇ ಮಾಡುತ್ತಾರೆ. ಕ್ಯಾಲ್‌ಕೋಫಿ ಹಡಗಿನಲ್ಲಿ ಮಾತ್ರ ನೀಲಿ ಮಾಯವಾಗುವುದನ್ನು ಕಣ್ಣಿನಿಂದ ಕಾಯುವುದಿಲ್ಲ. ಅಯೋಡಿನ್ ಮುಗಿದ ಕ್ಷಣವನ್ನು ನೇರಳಾತೀತ ಬೆಳಕಿನಿಂದ ಹಿಡಿಯುವ ಯಂತ್ರವಿದೆ.

ಈ ವಿಧಾನವನ್ನು ಕಂಡುಹಿಡಿದವರು ಹಂಗೇರಿ ದೇಶದ ಲಾಯೋಷ್ ವಿಂಕ್ಲರ್. 1888ರಲ್ಲಿ ಪ್ರಕಟಿಸಿದಾಗ ಅವರ ವಯಸ್ಸು ಬರೀ 25. ಬುಡಾಪೆಸ್ಟಿನ ಆ ತರುಣ ಮಾಡಿದ ಪರೀಕ್ಷೆ ಇಂದಿಗೂ ಹಡಗುಗಳಲ್ಲಿ, ಕೆರೆದಂಡೆಗಳಲ್ಲಿ, ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.

ನೀರಿಗೆ ಇಳಿಬಿಟ್ಟರೆ ತಾನೇ ಅಳೆಯುವ ಸಂವೇದಕಗಳು ಬಂದ ಮೇಲೆ ಇಷ್ಟೆಲ್ಲ ಕಷ್ಟ ಯಾಕೆ ಎನ್ನುತ್ತೀರಾ? ಸಂವೇದಕವೂ ಬಲು ಸೊಗಸಾದ ಉಪಕರಣ. ಈಗಿನ ಬಹಳಷ್ಟು ಸಂವೇದಕಗಳ ತುದಿಯಲ್ಲಿ ಒಂದು ಬಣ್ಣದ ಲೇಪ ಇರುತ್ತದೆ. ಅದರ ಮೇಲೆ ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಆಮ್ಲಜನಕದ ಅಣು ಬಂದು ತಾಗಿದರೆ ಆ ಹೊಳಪು ಬೇಗ ಆರುತ್ತದೆ. ಹೊಳಪು ಎಷ್ಟು ಬೇಗ ಆರಿತು ಎನ್ನುವುದರಿಂದ ಆಮ್ಲಜನಕ ಎಷ್ಟಿದೆ ಎಂದು ಉಪಕರಣ ಹೇಳುತ್ತದೆ. ಆದರೆ ಕಡಲಿನಲ್ಲಿ ಏನನ್ನೇ ಬಿಟ್ಟರೂ ಅದರ ಮೇಲೆ ಪಾಚಿ, ಚಿಪ್ಪುಜೀವಿಗಳು ಮನೆ ಮಾಡುತ್ತವೆ. ಲೇಪವೂ ಹಳತಾಗುತ್ತದೆ. ಆಗ ಉಪಕರಣ ಸುಳ್ಳು ಲೆಕ್ಕ ಕೊಡತೊಡಗುತ್ತದೆ, ಅದೂ ಬಹಳ ಧೈರ್ಯವಾಗಿ! ಹಾಗಾಗಿ ಅದನ್ನು ಆಗಾಗ ಒರೆಸಿ, ವಿಂಕ್ಲರ್ ಪರೀಕ್ಷೆಯ ಜೊತೆ ಹೋಲಿಸಿ ತಿದ್ದಬೇಕು. ಹೊಸದು ರಾತ್ರಿಯಿಡೀ ಎಚ್ಚರವಾಗಿರುತ್ತದೆ, ಹಳೆಯದು ಅದರ ತಪ್ಪು ತಿದ್ದುತ್ತದೆ. ಎರಡೂ ಬೇಕು.

ಇಷ್ಟು ವರ್ಷ ಅಳೆದು ಸ್ಯಾನ್ ಡಿಯಾಗೋದ ಹಡಗುಗಳು ತಿಳಿದುಕೊಂಡದ್ದೇನು? 2008ರಲ್ಲಿ ಸ್ಟೀವನ್ ಬೊಗ್ರಾಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1984ರಿಂದ 2006ರವರೆಗಿನ ಕ್ಯಾಲ್‌ಕೋಫಿ ಅಳತೆಗಳನ್ನು ಜೋಡಿಸಿ ನೋಡಿದರು. ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ, ಬೆಳಕು ತಲುಪದ ಆಳದ ನೀರಿನಲ್ಲಿ, ಆಮ್ಲಜನಕ ಇಳಿಯುತ್ತ ಬಂದಿತ್ತು. ಮೀನಿಗೆ ಉಸಿರು ಸಾಲದ ನೀರು ಎಲ್ಲಿಂದ ಶುರುವಾಗುತ್ತದೋ ಆ ಗಡಿ ಕೆಲವು ಕಡೆ 90 ಮೀಟರಿನಷ್ಟು ಮೇಲೆ ಬಂದಿತ್ತು. ಯೋಚಿಸಿ ನೋಡಿ: ಅಲ್ಲಿನ ಮೀನುಗಳ ಮನೆಯ ನೆಲವೇ ಮೇಲೇರಿದ ಹಾಗೆ. ಹಡಗಿನ ಮೇಲೆ ನಿಂತು ನೋಡುವವರಿಗೆ ಕಡಲು ಅಂದಿನಷ್ಟೇ ನೀಲಿ, ಅಷ್ಟೇ ಅಗಲ. ಇಪ್ಪತ್ತೆರಡು ವರ್ಷ ಅದೇ ಜಾಗಕ್ಕೆ ಹೋಗಿ ಅದೇ ಕುಪ್ಪಿ ತುಂಬಿದ್ದರಿಂದ ಮಾತ್ರ ಇದು ಗೊತ್ತಾಯಿತು.

ಯಾಕೆ ಇಳಿಯುತ್ತದೆ? ಕಾರಣಗಳು ಹಲವು. ಒಂದನ್ನು ನೀವು ಅಡುಗೆಮನೆಯಲ್ಲೇ ನೋಡಬಹುದು. ಅಮ್ಮನೋ ಅಪ್ಪನೋ ಜೊತೆಗಿರುವಾಗ ಪಾತ್ರೆಯಲ್ಲಿ ನೀರು ಕಾಯಲು ಇಡಿ. ಕುದಿಯುವುದಕ್ಕೆ ಬಹಳ ಮೊದಲೇ, ಬೆಚ್ಚಗಾಗುತ್ತಿರುವಾಗ, ಪಾತ್ರೆಯ ತಳಕ್ಕೆ ಗೋಡೆಗೆ ಚಿಕ್ಕ ಚಿಕ್ಕ ಗುಳ್ಳೆ ಅಂಟಿಕೊಳ್ಳುತ್ತವೆ. ಅದು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ, ಇನ್ನು ಇರಲಾರೆ ಎಂದು ಹೊರಗೆ ಬರುತ್ತಿರುವುದು. ಸೊನ್ನೆ ಡಿಗ್ರಿಯ ಸಿಹಿನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ 9.1. 30 ಡಿಗ್ರಿಯಲ್ಲಿ 7.6ರ ಆಸುಪಾಸು. ಭೂಮಿ ಬಿಸಿಯಾದಷ್ಟೂ ನೀರಿನ ಹಿಡಿತ ಸಡಿಲ. ಮೇಲಿನ ನೀರು ಬೆಚ್ಚಗಾಗಿ ಹಗುರಾದರೆ ಕೆಳಗಿನ ತಣ್ಣೀರಿನ ಜೊತೆ ಬೆರೆಯುವುದೂ ಕಡಿಮೆಯಾಗುತ್ತದೆ, ಹಾಗಾಗಿ ಗಾಳಿಯ ಆಮ್ಲಜನಕ ಆಳಕ್ಕೆ ಇಳಿಯುವುದು ಕಷ್ಟ.

ಇನ್ನೊಂದು ಕಾರಣ ಕೊಳೆಯುವಿಕೆ. 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ, ಕೊರೊನಾದಿಂದ ಎಲ್ಲರೂ ಮನೆಯೊಳಗೆ ಕೂತಿದ್ದ ಕಾಲದಲ್ಲಿ, ಸ್ಯಾನ್ ಡಿಯಾಗೋದ ಕಡಲು ಹಗಲು ಕೆಂಗಂದಾಗಿಯೂ ರಾತ್ರಿ ಅಲೆ ಒಡೆದಲ್ಲೆಲ್ಲ ನೀಲಿ ಬೆಳಕಾಗಿಯೂ ಕಾಣಿಸಿತು. ಲಿಂಗ್ಯುಲೊಡಿನಿಯಂ ಎಂಬ ಸೂಕ್ಷ್ಮಜೀವಿ ಕೋಟಿಕೋಟಿಯಾಗಿ ಹೆಚ್ಚಿದ್ದರಿಂದ ಆದದ್ದು. ಅದನ್ನು ಮುಟ್ಟಿದರೆ, ಕಲಕಿದರೆ ಬೆಳಗುತ್ತದೆ. ಆ ನೀಲಿ ಅಲೆಗಳ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಆಮೇಲಿನ ಸಂಗತಿ ಅಷ್ಟು ದೂರ ಹೋಗಲಿಲ್ಲ. ಆ ಜೀವಿಗಳು ಒಟ್ಟಿಗೆ ಸತ್ತು ಕೊಳೆಯತೊಡಗಿದವು. ಕೊಳೆಸುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ ಮಕ್ಕಳೇ, ಅವಕ್ಕೂ ಆಮ್ಲಜನಕ ಬೇಕು. ನೀರು ನಿಧಾನವಾಗಿ ಬದಲಾಗುವ ಹಿನ್ನೀರು, ಬಂದರುಗಳಲ್ಲಿ ಅವು ಇದ್ದಬದ್ದ ಆಮ್ಲಜನಕವನ್ನು ಬಳಸಿಬಿಟ್ಟವು. ದಡದಲ್ಲಿ ಸತ್ತ ಮೀನು, ಮೂಗು ಮುಚ್ಚಿಕೊಳ್ಳುವ ನಾತ.

ಹೊಸ ನೀರು ಬರುವ ದಾರಿ ಮುಚ್ಚಿಹೋದರೂ ಹೀಗೇ ಆಗುತ್ತದೆ. ಮೆಕ್ಸಿಕೊ ಗಡಿಯ ಹತ್ತಿರ, ಸ್ಯಾನ್ ಡಿಯಾಗೋ ಜಿಲ್ಲೆಯಲ್ಲೇ, ಟಿಹುವಾನ ನದಿ ಕಡಲು ಸೇರುವ ಅಳಿವೆ ಇದೆ. ನಮ್ಮ ಕರಾವಳಿಯ ಅಳಿವೆ ಬಾಗಿಲುಗಳಂತೆ ಅದೂ ಮರಳು ತುಂಬಿ ಮುಚ್ಚಿಕೊಳ್ಳುವುದುಂಟು. 2016ರ ವಸಂತದಲ್ಲಿ ಹಾಗೇ ಮುಚ್ಚಿಕೊಂಡಿತು. ಉಬ್ಬರವಿಳಿತದ ಹೊಸ ನೀರು ಬರುವುದು ನಿಂತು, ಒಳಗಿನ ನೀರಿನ ಆಮ್ಲಜನಕ ಸೊನ್ನೆಗೆ ಇಳಿಯಿತು. ಚಿರತೆಯಂತೆ ಚುಕ್ಕೆಯಿರುವ ಶಾರ್ಕ್‌ಗಳೂ ಸತ್ತವು. ಬುಲ್ಡೋಜರ್ ತಂದು ಮರಳು ಕಡಿದು ಬಾಗಿಲು ತೆರೆಸಿದರು. ಕಡಲ ನೀರು ಮತ್ತೆ ಒಳಬಂತು. ಅಳತೆಯಿಂದ ಆಗುವ ಉಪಕಾರ ಇಲ್ಲಿ ನೇರವಾಗಿ ಕಾಣುತ್ತದೆ. ಆಮ್ಲಜನಕ ಇಳಿದದ್ದು ಗೊತ್ತಾದರೆ ಮಾಡಬಹುದಾದ ಕೆಲಸ ಇದೆ.

ಕೊಳೆಯುವ ವಸ್ತುವನ್ನು ನೀರಿಗೆ ಮನುಷ್ಯರೂ ಸೇರಿಸುತ್ತಾರೆ. ಲಾಸ್ ಏಂಜಲೀಸ್ ನಗರದ ಹೊಲಸು ನೀರು ಹೋಗುವುದು ಹೈಪೀರಿಯನ್ ಎಂಬ ದೊಡ್ಡ ಶುದ್ಧೀಕರಣ ಘಟಕಕ್ಕೆ. ಬಹಳ ಕಾಲ ಅದರ ರಾಡಿಯನ್ನು ಕೊಳವೆಯಲ್ಲಿ ಸಮುದ್ರದೊಳಗೆ ಬಿಡುತ್ತಿದ್ದರು. ಬಿಟ್ಟ ಜಾಗದ ಸುತ್ತಮುತ್ತ ಕಡಲತಳದ ಜೀವಿಗಳು ನಾಶವಾದವು. ಜನ ಹೋರಾಡಿದರು. 1987ರಲ್ಲಿ ರಾಡಿ ಬಿಡುವುದು ನಿಂತಿತು. 1998ರ ಹೊತ್ತಿಗೆ ಬರುವ ನೀರನ್ನೆಲ್ಲ ಎರಡನೇ ಹಂತದವರೆಗೆ ಶುದ್ಧ ಮಾಡುವ ವ್ಯವಸ್ಥೆ ಆಯಿತು. ಎರಡನೇ ಹಂತ ಅಂದರೆ ಏನು? ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಸಾಕಿ, ಅವಕ್ಕೆ ಬೇಕಾದಷ್ಟು ಆಮ್ಲಜನಕ ಊಡಿ, ಕೊಳೆಯನ್ನು ಅಲ್ಲೇ ತಿನ್ನಿಸಿಬಿಡುವುದು. ಕಡಲಿನಲ್ಲಿ ಮೀನಿನ ಪಾಲಿನ ಆಮ್ಲಜನಕಕ್ಕೆ ಕೈಹಾಕುವ ಬದಲು ತೊಟ್ಟಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಲಿ ಎಂದು. ಒಂದು ನೀರು ಎಷ್ಟು ಆಮ್ಲಜನಕ ತಿಂದುಹಾಕೀತು ಎಂದು ತಿಳಿಯಲೂ ಪರೀಕ್ಷೆ ಇದೆ. ನೀರಿನ ಆಮ್ಲಜನಕ ಅಳೆದು, ಕುಪ್ಪಿಯಲ್ಲಿ ಬಿಗಿಯಾಗಿ ಮುಚ್ಚಿ, ಕತ್ತಲೆಯಲ್ಲಿ 20 ಡಿಗ್ರಿಯಲ್ಲಿ 5 ದಿನ ಇಟ್ಟು, ಮತ್ತೆ ಅಳೆಯುವುದು. ಕಡಿಮೆಯಾದದ್ದೆಷ್ಟೋ ಅದು ಆ ನೀರಿನ ಹಸಿವು. ನಮ್ಮ ಸೆಖೆಯ ದೇಶದಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುವ ಕ್ರಮವಿದೆ. ಪತ್ರಿಕೆಗಳಲ್ಲಿ ಕೆರೆಯ ಸುದ್ದಿ ಬಂದಾಗ 'ಬಿಒಡಿ' ಎಂಬ ಮೂರು ಅಕ್ಷರ ಕಾಣುತ್ತೀರಲ್ಲ, ಅದು ಇದೇ.

ನಮ್ಮ ಕೆರೆಗಳ ಮಾತು ಬಂತು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಬೇಸಿಗೆಯ ಬಿಸಿ, ಕೆರೆಗೆ ಸೇರಿದ ಕೊಳಚೆ, ಎರಡೂ ಕೂಡಿದರೆ ಏನಾಗುತ್ತದೆ ಎಂದು ಇಲ್ಲಿಯವರೆಗೆ ಓದಿದ ನಿಮಗೆ ಹೇಳಬೇಕಾಗಿಲ್ಲ. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು ಎಂದು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದೆ. ಸ್ನಾನ ಮಾಡುವ ನೀರಿನಲ್ಲಿ 5.

ಅರಬ್ಬೀ ಸಮುದ್ರದ ಕತೆಯೂ ಕ್ಯಾಲಿಫೋರ್ನಿಯಾದ ಕಡಲಿಗೆ ಹತ್ತಿರದ್ದು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ಆಳದ ತಣ್ಣೀರು ದಡದ ಕಡೆಗೆ ಮೇಲೇರುತ್ತದೆ. ಪೋಷಕಾಂಶ ತರುವ ಆ ನೀರಿನಿಂದಲೇ ಬೂತಾಯಿ, ಬಂಗುಡೆ ಹುಲುಸಾಗುವುದು. ಆಮ್ಲಜನಕ ಕಡಿಮೆ ಇರುವುದೂ ಅದೇ ನೀರಿನಲ್ಲಿ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು ಈ ಕರಾವಳಿಯ ನೀರನ್ನು ಅಳೆದು, 1999ರಲ್ಲಿ ಅದರ ಆಮ್ಲಜನಕ ಎಷ್ಟು ತೀವ್ರವಾಗಿ ಕುಸಿದಿತ್ತು ಎಂಬುದನ್ನು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಜಗತ್ತಿಗೆ ತಿಳಿಸಿದರು.

ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ವಿಜ್ಞಾನಿಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಲಾಸ್ ಏಂಜಲೀಸ್ ಕಡೆ 'ಹೀಲ್ ದ ಬೇ', ಸ್ಯಾನ್ ಡಿಯಾಗೋದಲ್ಲಿ 'ಕೋಸ್ಟ್‌ಕೀಪರ್' ಎಂಬ ಸಂಘಗಳ ಸ್ವಯಂಸೇವಕರು ತರಬೇತಿ ಪಡೆದು ಹಳ್ಳ ತೊರೆಗಳ ನೀರು ಪರೀಕ್ಷಿಸಿದ್ದಾರೆ. ಆ ಊರುಗಳಲ್ಲಿ ಈ ಬರಹ ಓದುವ ಕನ್ನಡದ ಮಕ್ಕಳಿದ್ದರೆ, ಮನೆಯವರ ಜೊತೆ ಹೋಗಿ ವಿಚಾರಿಸಿ.

ಕರ್ನಾಟಕದಲ್ಲಿರುವವರು ನಿಮ್ಮ ವಿಜ್ಞಾನದ ಮೇಷ್ಟ್ರನ್ನೋ ಮಿಸ್ಸನ್ನೋ ಕೇಳಿ. ಕರಗಿದ ಆಮ್ಲಜನಕ ಪರೀಕ್ಷಿಸುವ ಚಿಕ್ಕ ಕಿಟ್ ತರಿಸಿ, ನಿಮ್ಮೂರಿನ ಕೆರೆಯ ನೀರನ್ನು ಅವರ ಜೊತೆಯಲ್ಲೇ ಪರೀಕ್ಷಿಸಿ. ಆಮ್ಲ, ಕ್ಷಾರಗಳನ್ನು ನೀವಾಗಿ ಮುಟ್ಟಬೇಡಿ. ನೀರಿನ ಅಂಚಿಗೆ ಒಬ್ಬರೇ ಹೋಗಬೇಡಿ. ಒಂದು ಸಲ ನಸುಕಿನಲ್ಲಿ, ಒಂದು ಸಲ ಮಧ್ಯಾಹ್ನ ಅಳೆಯಿರಿ. ಹಗಲೆಲ್ಲ ಪಾಚಿ, ಜಲಸಸ್ಯಗಳು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ, ರಾತ್ರಿ ಎಲ್ಲವೂ ಉಸಿರಾಡಿ ಬಳಸುತ್ತವೆ. ಅದಕ್ಕೇ ಅತಿ ಕಡಿಮೆ ಸಿಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅವಕ್ಕೆ ಮಂಡಕ್ಕಿ ಎರಚಬೇಡಿ. ಅವು ಹಸಿದು ಬಂದದ್ದಲ್ಲದಿರಬಹುದು, ಉಸಿರು ಸಾಲದೆ ಬಂದಿರಬಹುದು. ಎರಚಿದ ಮಂಡಕ್ಕಿ ಕೊಳೆತರೆ ಇದ್ದ ಆಮ್ಲಜನಕವೂ ಹೋಗುತ್ತದೆ. ಅಂಥದ್ದು ಕಂಡರೆ ದೊಡ್ಡವರಿಗೆ ಹೇಳಿ, ಕೆರೆ ನೋಡಿಕೊಳ್ಳುವವರಿಗೆ ಆ ದಿನವೇ ಸುದ್ದಿ ಮುಟ್ಟಿಸಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಗಂಟೆ, ನೀರಿನ ತಾಪ, ಆಮ್ಲಜನಕ, ಮಳೆ ಬಂದಿತ್ತೋ ಇಲ್ಲವೋ, ನೀರಿನ ಬಣ್ಣ: ಇಷ್ಟನ್ನು ಪ್ರತಿ ತಿಂಗಳೂ ಅದೇ ಜಾಗದಲ್ಲಿ ನಿಂತು ಬರೆಯಿರಿ. ನೀವು ಮೇಲಿನ ತರಗತಿಗೆ ಹೋಗುವಾಗ ಆ ಪುಸ್ತಕವನ್ನು ನಿಮ್ಮ ಹಿಂದೆ ಬರುವ ಮಕ್ಕಳ ಕೈಗೆ ಕೊಟ್ಟು ಹೋಗಿ.